ಕೋಡ್ ತೊಂಬತ್ತೊಂಬತ್ತು ಮತ್ತು ನಿಲ್ಲದ ಬಸ್ಸು

ನಮ್ಮ ಸಂಸ್ಥೆ ಫೀಲ್ಡ್ ವಿಭಾಗವನ್ನು ಮುಚ್ಚಿದಾಗ ನನಗೆ ಐವತ್ತೆರಡು. ವಿಭಾಗದ ಜೊತೆಗೆ ನನ್ನನ್ನೂ ಮುಚ್ಚಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಅಂದಿನಿಂದ ಆ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದೆಯೋ ಇಲ್ಲವೋ ಎಂದು ಚಿಂತೆ ಮಾಡಿಕೊಂಡು ಕೂತಿದ್ದೇನೆ. ಮೊನ್ನೆ ಇಲ್ಲಿ ಚೆನ್ನೈಯ ನಮ್ಮ ವಡಪಳನಿ ಬೀದಿಯ ಹುಡುಗಿಯೊಬ್ಬಳು ಬಂದು, ‘ನಾನೂ ಇಂಥದೇ ಕೆಲಸಕ್ಕೆ ಸೇರ್ತಿದೀನಿ ಆಂಟಿ, ಏನಾದ್ರೂ ಹೇಳಿ’ ಎಂದಳು. ಕೊಡೆ, ಎರಡು ಬಾಟಲಿ ನೀರು, ಇನ್ನೊಂದು ಜೊತೆ ಚಪ್ಪಲಿ ತಗೊಂಡು ಹೋಗು ಎಂದೆ. ಅವಳು ನಕ್ಕು ಹೋದಳು. ಇಷ್ಟು ವರ್ಷ ದುಡಿದು ನಾನು ಕಲಿತದ್ದು ಇಷ್ಟೇನಾ ಎಂಬ ಹೊಸ ಚಿಂತೆ ಆಮೇಲೆ ಹತ್ತಿಕೊಂಡಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸವನ್ನು ವಿವರಿಸುವುದು ಸುಲಭ. ಯಾರದೋ ಮನೆ ಬಾಗಿಲು ತಟ್ಟಿ, ನಿಮ್ಮ ಮುಖ್ಯ ಸಮಸ್ಯೆ ಏನು ಎಂದು ಕೇಳಿ, ಅವರು ಹೇಳಿದ್ದನ್ನು ಒಂದು ಅಂಕಿಯಾಗಿ ಬರೆದುಕೊಂಡು ಬರಬೇಕು. ಆ ಅಂಕಿಗೆ ಕೋಡ್ ಎಂದು ಹೆಸರು. ನೀರಿಲ್ಲ ಎಂದರೆ ಒಂದು, ಶೌಚಾಲಯವಿಲ್ಲ ಎಂದರೆ ಎರಡು, ಕುಡಿತ ಎಂದರೆ ಮೂರು, ಹೀಗೆ ಹದಿನಾಲ್ಕರವರೆಗೆ. ಹದಿನಾಲ್ಕರಲ್ಲಿ ಯಾವುದಕ್ಕೂ ಸೇರದಿದ್ದರೆ ತೊಂಬತ್ತೊಂಬತ್ತು, ಅಂದರೆ ‘ಇತರೆ’. ನಡುವೆ ಖಾಲಿ ಬಿದ್ದಿದ್ದ ಎಂಬತ್ತನಾಲ್ಕು ಅಂಕಿಗಳು ಯಾವ ದುಃಖಗಳಿಗಾಗಿ ಕಾಯುತ್ತಿದ್ದವೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಮೈಸೂರಿನಲ್ಲಿ ಸಮಾಜಶಾಸ್ತ್ರ ಓದಿದವಳು. ಸಾಮಾಜಿಕ ಸಮಸ್ಯೆ ಎಂದರೇನು ಎಂಬ ಪ್ರಶ್ನೆಗೆ ನಾಲ್ಕು ಪುಟದ ಉತ್ತರ ಬಾಯಿಪಾಠವಿತ್ತು. ಸಮಾಜದ ಬಹಳ ಜನ ಒಂದು ಸ್ಥಿತಿಯನ್ನು ಸಮಸ್ಯೆ ಎಂದು ಒಪ್ಪಿಕೊಂಡಾಗ ಮಾತ್ರ ಅದು ಸಮಸ್ಯೆಯಾಗುತ್ತದೆ ಎಂದು ಅದರ ಸಾರ. ಆ ಬಹಳ ಜನ ಯಾರು, ಅವರು ಎಲ್ಲಿ ಕೂತು ಒಪ್ಪಿಕೊಳ್ಳುತ್ತಾರೆ ಎಂದು ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ. ತೊಂಬತ್ತರ ದಶಕದ ಕೊನೆಗೆ ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ಚೆನ್ನೈಗೆ ವರ್ಗವಾಯಿತು, ನಾನೂ ಇಲ್ಲಿ ಕೆಲಸಕ್ಕೆ ಸೇರಿದೆ. ಒಪ್ಪಿಕೊಳ್ಳುವ ಜಾಗ ಯಾವುದೆಂದು ಆಗ ತಿಳಿಯಿತು. ಅದು ನಮ್ಮ ಆಫೀಸಿನ ಮೊದಲ ಮಹಡಿ, ರಾಮಭದ್ರನ್ ಸಾರ್ ಅವರ ಮೇಜು.

ರಾಮಭದ್ರನ್ ಸಾರ್ ನನ್ನ ಮೇಲಧಿಕಾರಿ. ಬಿಳಿ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಮೂರು ಬಣ್ಣದ ಮೂರು ಪೆನ್ನು. ನಾವು ತುಂಬಿ ತಂದ ನಮೂನೆಗಳನ್ನು ಅವರು ಓದುತ್ತಿರಲಿಲ್ಲ. ಮಕ್ಕಳ ತಲೆಯಲ್ಲಿ ಹೇನು ಹುಡುಕುವ ಹಾಗೆ ಅವುಗಳಲ್ಲಿ ತೊಂಬತ್ತೊಂಬತ್ತುಗಳನ್ನು ಹುಡುಕುತ್ತಿದ್ದರು. ನೂರಕ್ಕೆ ಐದಕ್ಕಿಂತ ಹೆಚ್ಚು ಸಿಕ್ಕಿದರೆ ಕಟ್ಟನ್ನು ವಾಪಸು ಕೊಡುತ್ತಿದ್ದರು. ಹೆಚ್ಚು ‘ಇತರೆ’ ಬರೆಯುವುದು ಸೋಮಾರಿಗಳ ಲಕ್ಷಣ ಎಂದು ಅವರ ಖಚಿತ ಅಭಿಪ್ರಾಯ.

‘ಜನಕ್ಕೆ ಸಮಸ್ಯೆ ಇರುವುದು ತಪ್ಪಲ್ಲ ವಸಂತಾ,’ ಎಂದು ಮೊದಲ ವಾರವೇ ಹೇಳಿದ್ದರು, ‘ಆದರೆ ಅದು ಪಟ್ಟಿಯಲ್ಲಿ ಇರಬೇಕು.’

ಪಟ್ಟಿಯಲ್ಲಿ ಇರುವಂಥ ಸಮಸ್ಯೆಗಳು ಜನರ ಬಾಯಿಂದ ಅಷ್ಟು ಸುಲಭವಾಗಿ ಬರುವುದಿಲ್ಲ. ಕೋಯಂಬೇಡು ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನೊಬ್ಬನನ್ನು ನಿಲ್ಲಿಸಿ, ನಿಮಗೆ ದೊಡ್ಡ ಸಮಸ್ಯೆ ಏನಪ್ಪಾ ಎಂದು ಕೇಳಿದೆ. ತಲೆಯ ಮೇಲೆ ಈರುಳ್ಳಿ ಮೂಟೆ ಇತ್ತು. ದಾರಿಯಲ್ಲಿ ಅಡ್ಡ ನಿಲ್ಲುವ ಮೇಡಂಗಳು ಎಂದು ಹೇಳಿ, ನನ್ನ ಪಕ್ಕಕ್ಕೆ ಉಜ್ಜಿಕೊಂಡೇ ಹೋದ. ವಡಪಳನಿಯಲ್ಲಿ ಸಿನಿಮಾದ ಗುಂಪಿನ ದೃಶ್ಯಗಳಲ್ಲಿ ನಿಲ್ಲುವ ಕಲಾವಿದೆಯೊಬ್ಬಳಿಗೆ ಅದೇ ಪ್ರಶ್ನೆ ಕೇಳಿದಾಗ, ಅಳುತ್ತಾ ಹೇಳಬೇಕೋ ಸುಮ್ಮನೆ ಹೇಳಬೇಕೋ ಎಂದು ವಿಚಾರಿಸಿದಳು. ಸುಮ್ಮನೆ ಹೇಳಿ ಎಂದೆ. ಅವಳಿಗೆ ಸ್ವಲ್ಪ ಬೇಜಾರಾಯಿತು. ಇಬ್ಬರದೂ ತೊಂಬತ್ತೊಂಬತ್ತು.

ಈಗ ಎಣ್ಣೂರಿನ ಕಥೆಗೆ ಬರುತ್ತೇನೆ. ಹೇಳಲೇಬೇಕಾದ ನನ್ನ ದಡ್ಡತನ ಅಲ್ಲಿದೆ.

ಚೆನ್ನೈಯ ಉತ್ತರದ ಅಂಚಿನ ಎಣ್ಣೂರಿನ ಆಚೆ, ಉಷ್ಣ ವಿದ್ಯುತ್ ಸ್ಥಾವರದ ಹೊಗೆಕೊಳವೆಗಳು ಕಾಣುವಷ್ಟು ದೂರದಲ್ಲಿ, ಮೀನುಗಾರರ ಒಂದು ಕುಪ್ಪಂ. ನಮ್ಮ ಕಡೆ ಹಟ್ಟಿ ಎನ್ನುವ ಹಾಗೆ ಸಮುದ್ರದಂಚಿನ ಊರಿಗೆ ಇಲ್ಲಿ ಕುಪ್ಪಂ ಎನ್ನುತ್ತಾರೆ. ನಾನು ಹೋದಾಗ ಬೆಳಗಿನ ಹನ್ನೊಂದು ಗಂಟೆ, ಉರಿ ಬಿಸಿಲು. ನಿಯಮದ ಪ್ರಕಾರ ಮೊದಲ ಮನೆಯಿಂದ ಶುರುಮಾಡಿ ಬಲಗೈ ಕಡೆ ಹೋಗುತ್ತಾ ಮನೆಮನೆಗೂ ಹೊಕ್ಕು ಕೇಳಬೇಕು. ಆದರೆ ಊರಿನ ಹೆಂಗಸರೆಲ್ಲ ಮೇನ್ ರೋಡಿನ ಬಸ್ ಸ್ಟಾಪಿನಲ್ಲಿ, ಒಂದು ಹೊಂಗೆ ಮರದ ಕೆಳಗೆ, ಮೀನಿನ ಬುಟ್ಟಿಗಳನ್ನು ಇಟ್ಟುಕೊಂಡು ಕೂತಿದ್ದರು. ಎಲ್ಲರೂ ಒಂದೇ ಕಡೆ, ಅದೂ ನೆರಳಿನಲ್ಲಿ, ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡೆ. ಕೆಲಸದ ಹೊತ್ತಿನಲ್ಲಿ ಒಂದು ಊರಿನ ಹೆಂಗಸರೆಲ್ಲ ಬಸ್ ಸ್ಟಾಪಿನಲ್ಲಿ ಯಾಕೆ ಕೂತಿದ್ದಾರೆ ಎಂದು ಕೇಳಿಕೊಳ್ಳಲು ನಾಲ್ಕು ಪುಟದ ಉತ್ತರ ಬಾಯಿಪಾಠ ಇರಬೇಕಾಗಿಲ್ಲ. ನಾನು ಕೇಳಿಕೊಳ್ಳಲಿಲ್ಲ. ಪ್ಯಾಡು ತೆಗೆದೆ, ಪೆನ್ಸಿಲ್ ತೆಗೆದೆ.

ಮೊದಲು ಸಿಕ್ಕಿದವಳು ಅಂಜಲೈ. ಮೂವತ್ತು ದಾಟಿರಬೇಕು, ಅಗಲ ಹಣೆ, ಇಡೀ ಸ್ಟಾಪು ಅವಳ ಮಾತಿಗೆ ಕಿವಿಗೊಡುತ್ತಿತ್ತು. ಅವಳ ತಮಿಳು ನನ್ನ ಕನ್ನಡಕ್ಕೆ ಬರುವಾಗ ಅರ್ಧ ಉಪ್ಪು ಕಳೆದುಕೊಳ್ಳುತ್ತದೆ, ಓದುವವರು ಸೇರಿಸಿಕೊಳ್ಳಬೇಕು.

‘ಮುಖ್ಯ ಸಮಸ್ಯೆ ಏನು?’ ಎಂದೆ.

‘ಬಸ್ಸು ನಿಲ್ಲಲ್ಲ,’ ಎಂದಳು.

‘ಅದಲ್ಲಮ್ಮಾ, ಮುಖ್ಯವಾದ್ದು.’

‘ಅದೇ ಮುಖ್ಯ. ಬುಟ್ಟಿ ನೋಡಿದ್ರೆ ನಿಲ್ಸಲ್ಲ, ನೀರು ಸೋರುತ್ತೆ ಅಂತಾರೆ. ಏಳು ಗಂಟೆಯಿಂದ ಕೂತಿದೀವಿ. ಇನ್ನು ನಡೆದೇ ಹೋಗ್ಬೇಕು.’

ಅವಳು ಹೇಳುತ್ತಿದ್ದಾಗಲೇ ಒಂದು ಬಸ್ಸು ಬಂತು, ಸ್ವಲ್ಪ ನಿಧಾನ ಮಾಡಿತು, ಬುಟ್ಟಿಗಳನ್ನು ನೋಡಿತು, ಹೋಯಿತು. ಸಾಕ್ಷಿ ಕಣ್ಣೆದುರಿಗೇ ಹಾದುಹೋದರೂ ನಾನು ಪಟ್ಟಿಯಲ್ಲಿ ಬಸ್ಸನ್ನು ಹುಡುಕುತ್ತಿದ್ದೆ. ಬಸ್ಸಿಗೆ ಕೋಡ್ ಇರಲಿಲ್ಲ. ಎರಡು ದಿನದಲ್ಲಿ ನಲವತ್ತು ಹೆಂಗಸರನ್ನು ಕೇಳಿದೆ. ಮೂವತ್ತೊಂದು ಜನ ಬಸ್ಸು ಎಂದರು. ಮೂವತ್ತೊಂದು ತೊಂಬತ್ತೊಂಬತ್ತುಗಳು.

ಭಾನುವಾರ ಅಡುಗೆಮನೆಯ ನೆಲದ ಮೇಲೆ ನಮೂನೆಗಳನ್ನು ಹರಡಿಕೊಂಡು ಕೂತೆ. ಯಜಮಾನರು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತುರುವೇಕೆರೆ ಕಡೆಯವರು ಅವರು. ನನ್ನ ಚಿಂತೆಗಳನ್ನು ಹವಾಮಾನ ವರದಿಯ ಹಾಗೆ, ಕೇಳಿಯೂ ಕೇಳದಂತೆ, ಸ್ವೀಕರಿಸುತ್ತಾರೆ.

‘ಅಲ್ಲಾ ಕಣೇ, ಬಸ್ ನಿಲ್ಲಲ್ಲ ಅಂದ್ರೆ ಬಸ್ ನಿಲ್ಲಲ್ಲ ಅಂತ ಬರಿ. ಅದರಲ್ಲೇನೈತೆ?’

‘ಬಸ್ಸಿಗೆ ಕೋಡ್ ಇಲ್ಲಾರೀ.’

‘ಹಂಗಾದ್ರೆ ಅವರಿಗೆ ಸಮಸ್ಯೆನೂ ಇಲ್ಲ ಬಿಡು,’ ಎಂದು ಕಾಳು ಬುಟ್ಟಿಗೆ ಹಾಕಿದರು.

ನಮೂನೆಯ ಕೊನೆಯಲ್ಲಿ ‘ವೀಕ್ಷಕರ ಟಿಪ್ಪಣಿ’ ಎಂಬ ಜಾಗವಿತ್ತು. ಜನ ಹೇಳದಿದ್ದರೂ ನಿಮ್ಮ ಕಣ್ಣಿಗೆ ಬಿದ್ದದ್ದನ್ನು ಅಲ್ಲಿ ಬರೆಯಬೇಕು. ಕುಪ್ಪದ ಮನೆಗಳ ಸಂಖ್ಯೆ ಬರೆದುಕೊಳ್ಳಲು ಒಂದು ಸುತ್ತು ಒಳಗೆ ಹೋಗಿದ್ದೆ. ಆಗ ನನ್ನ ಕಣ್ಣಿಗೆ ಬಿದ್ದದ್ದು, ಹಗಲು ಹನ್ನೊಂದಕ್ಕೆ ದೋಣಿಗಳ ನೆರಳಿನಲ್ಲಿ ಸಾಲಾಗಿ ಮಲಗಿದ್ದ ಗಂಡಸರು. ಮನೆಯ ಯಜಮಾನ ಒಂಬತ್ತಕ್ಕೆ ಟಿಫನ್ ಡಬ್ಬಿ ಹಿಡಿದು ಹೊರಡಬೇಕು ಎಂದು ನಂಬಿದ ಮನೆತನ ನನ್ನದು. ಹನ್ನೊಂದಕ್ಕೆ ಬಾಯಿ ತೆರೆದು ಮಲಗಿದ ಗಂಡಸು ಎಂದರೆ ಒಂದೇ ಅರ್ಥ. ರಬ್ಬರ್ ತೆಗೆದುಕೊಂಡೆ. ನಮೂನೆಗಳನ್ನು ಪೆನ್ಸಿಲ್ಲಿನಲ್ಲಿ ತುಂಬಿಸುತ್ತಿದ್ದದ್ದು ಇಂಥ ಉಪಕಾರಕ್ಕೇ. ಗಂಡ ಕುಡಿದು ಮಲಗುತ್ತಾನೆ, ಆದ್ದರಿಂದ ಹೆಂಡತಿ ಬುಟ್ಟಿ ಹೊತ್ತು ಹೊರಡಬೇಕು, ಆದ್ದರಿಂದ ಬಸ್ಸಿಗೆ ಕಾಯಬೇಕು, ಮೂಲವೇನು? ಕೋಡ್ ಮೂರು. ತರ್ಕ ಎಷ್ಟು ಚೆನ್ನಾಗಿ ಕೂಡಿಕೊಂಡಿತೆಂದರೆ ಮೂವತ್ತೊಂದನ್ನೂ ಉಜ್ಜಿ ಮೂರು ಮಾಡಿದೆ. ರಾಮಭದ್ರನ್ ಸಾರ್ ಕಟ್ಟನ್ನು ಒಮ್ಮೆ ಸವರಿ ನೋಡಿ, ಈ ಸಲ ಸುಧಾರಿಸಿದ್ದೀಯ ಎಂದರು.

ಆ ಗಂಡಸರು ಬೆಳಗಿನ ಜಾವ ಎರಡಕ್ಕೆ ಸಮುದ್ರಕ್ಕೆ ಹೋಗಿ, ಬೆಳಕು ಹರಿದ ಮೇಲೆ ಬಂದು, ಬಲೆ ಬಿಡಿಸಿ ಮಲಗಿದವರು. ಇದು ನನಗೆ ಗೊತ್ತಾದದ್ದು ಆರು ತಿಂಗಳ ನಂತರ.

ಅಷ್ಟರಲ್ಲಿ ನಮ್ಮ ವರದಿಯನ್ನು ನೋಡಿ, ಸರ್ವೆಗೆ ಹಣ ಕೊಡುವವರು ಕುಪ್ಪಕ್ಕೆ ಕುಡಿತದ ವಿರುದ್ಧ ಬೀದಿ ನಾಟಕ ಕಳಿಸಿದರು. ತಂಡ ಚೆನ್ನಾಗಿತ್ತು. ಕುಡುಕನ ಪಾತ್ರದವನಂತೂ ಎಷ್ಟು ಚೆನ್ನಾಗಿ ತೂರಾಡಿದನೆಂದರೆ, ಅವನು ಸತ್ತ ಮೇಲೆ ಜನ ಮತ್ತೆ ಎಬ್ಬಿಸಿ ಇನ್ನೊಮ್ಮೆ ತೂರಾಡಿಸಿದರು. ಕೊನೆಗೆ, ಇವತ್ತಿನಿಂದ ಕುಡಿತ ಬಿಡುವವರು ಕೈ ಎತ್ತಿ ಎಂದಾಗ ಮುಂದಿನ ಸಾಲಿನಲ್ಲಿ ದೋಣಿಗೆ ಒರಗಿ ನಿದ್ದೆ ಹೋಗಿದ್ದವನೊಬ್ಬ ಡೋಲಿನ ಸದ್ದಿಗೆ ಬೆಚ್ಚಿ, ಕಣ್ಣಿಗೆ ಬಿಸಿಲು ಹೊಡೆದದ್ದಕ್ಕೆ ಕೈ ಅಡ್ಡ ಹಿಡಿದ. ಅದನ್ನು ಫೋಟೋ ತೆಗೆದರು. ಅವನು ಗೋವಿಂದನ್, ಅಂಜಲೈಯ ಗಂಡ. ನನ್ನ ಸರ್ವೆಯಾಗಿ ಆರು ತಿಂಗಳಾದ ಮೇಲೆ ಒಂದು ಸಮಾರಂಭ ಮಾಡಿ, ಕುಡಿತ ಬಿಟ್ಟ ಮೊದಲ ಮೀನುಗಾರ ಎಂದು ಅವನಿಗೆ ಜರಿಯಂಚಿನ ಶಾಲು ಹೊದಿಸಿದರು. ಅವನಿಗೆ ಹೆಂಡದ ವಾಸನೆ ಬಂದರೇ ವಾಂತಿ. ಅವನ ದುಶ್ಚಟವೆಂದರೆ ನಾಲ್ಕು ಚಮಚ ಸಕ್ಕರೆಯ ಚಹಾ. ಕುಪ್ಪದಲ್ಲಿ ಕುಡಿಯುವವರೇ ಇರಲಿಲ್ಲ ಎಂದಲ್ಲ. ಇದ್ದರು, ನಮ್ಮ ಬೀದಿಯಲ್ಲಿ ಇದ್ದಷ್ಟು. ನಮ್ಮ ಬೀದಿಗೆ ಯಾರೂ ನಾಟಕ ಕಳಿಸಲಿಲ್ಲ.

ಸಮಾರಂಭ ಮುಗಿದ ಮೇಲೆ ಅಂಜಲೈ ಆ ಶಾಲನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಅಷ್ಟು ಹೊತ್ತಿಗೆ ಅಲ್ಲಿ ನನಗೆ ಕೊಡೆಯಮ್ಮ ಎಂದು ಹೆಸರು ಬಿದ್ದಿತ್ತು.

‘ಕೊಡೆಯಮ್ಮಾ, ಬಸ್ಸು ಕೇಳಿದ್ವಿ, ಶಾಲು ಬಂತು. ಇದನ್ನ ಹತ್ತಿ ಪೇಟೆಗೆ ಹೋಗ್ಬಹುದಾ?’

ನಾನು ಮುಂದಿನ ಸಲ ನೋಡೋಣ ಎಂದೆ. ಈ ವೃತ್ತಿಯಲ್ಲಿ ಅತಿ ಹೆಚ್ಚು ಬಳಕೆಯಾಗುವ ವಾಕ್ಯ ಅದು. ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ತಪ್ಪನ್ನು ಒಪ್ಪಿಕೊಂಡು ಪತ್ರ ಬರೆದೆ, ಹರಿದೆ, ಮತ್ತೆ ಬರೆದೆ, ಆಮೇಲೆ ಇನ್ನೊಂದು ಸರ್ವೆ ಬಂತು. ಪತ್ರ ಡ್ರಾಯರಿನಲ್ಲೇ ಉಳಿಯಿತು.

ನಾಲ್ಕು ವರ್ಷ ಕಳೆಯಿತು. ನನಗೆ ಬಡ್ತಿ ಸಿಕ್ಕಿತು. ಕೊಡೆ ಅದೇ ಇತ್ತು. ಆಫೀಸಿಗೆ ಕಂಪ್ಯೂಟರ್ ಬಂತು. ಮೊದಲು ರಾಮಭದ್ರನ್ ಸಾರ್ ಹುಡುಕುತ್ತಿದ್ದ ತೊಂಬತ್ತೊಂಬತ್ತುಗಳನ್ನು ಅದು ತಾನೇ ಹುಡುಕಿ ಪಕ್ಕಕ್ಕೆ ಇಡುತ್ತಿತ್ತು, ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹಣ ಕೊಡುವವರೂ ಬದಲಾದರು, ಸಮಸ್ಯೆಯೂ ಬದಲಾಯಿತು. ಹಳೆಯ ಪಟ್ಟಿಯಲ್ಲಿ ಮೂರನೆಯದಾಗಿ ಮೆರೆದಿದ್ದ ಕುಡಿತ ಹನ್ನೊಂದಕ್ಕೆ ಇಳಿಯಿತು. ಆ ವರ್ಷದ ಸಮಸ್ಯೆ ಹೆಣ್ಣುಮಕ್ಕಳು ಶಾಲೆ ಬಿಡುವುದು. ಅದಕ್ಕೆ ಕೋಡ್ ಆರು, ಅದರೊಳಗೆ ಎ, ಬಿ, ಸಿ, ಡಿ ಎಂದು ಕಾರಣಗಳು. ಪ್ರತಿಯೊಂದು ಕಾರಣದ ಎದುರಿಗೂ ಏನು ಪರಿಹಾರ ಕೊಡಬಹುದೆಂದು ಅಚ್ಚಾಗಿತ್ತು. ಇದೆಲ್ಲ ಇದ್ದ ಕೋಡ್ ಪುಸ್ತಕ ತಮಿಳಿನಲ್ಲಿತ್ತು, ಅದನ್ನು ಜನರ ಕೈಗೆ ಕೊಡಬಾರದು ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತು. ಜನ ಏನು ಹೇಳಬೇಕೆಂದು ತಿಳಿದುಬಿಟ್ಟರೆ ಅವರು ಹೇಳಿದ್ದಕ್ಕೆ ಬೆಲೆ ಇರುವುದಿಲ್ಲವಂತೆ.

ಸರ್ವೆಗೆ ಮುಂಚೆ ಊರಿಗೆ ಹೋಗಿ, ನಮ್ಮವರು ಬರುತ್ತಾರೆ ಎಂದು ತಿಳಿಸಿ ಬರುವುದು ನನ್ನ ಪಾಲಿನ ಕೆಲಸ. ಕಳೆದುಹೋದರೆ ಎಂಬ ಭಯಕ್ಕೆ ನಾನು ಯಾವುದನ್ನೂ ಎರಡೆರಡು ಒಯ್ಯುವವಳು. ಕೋಡ್ ಪುಸ್ತಕವೂ ಎರಡು ಇತ್ತು. ಕುಪ್ಪದ ಮರಳಿನಲ್ಲಿ ಚಪ್ಪಲಿ ಬದಲಾಯಿಸಲೆಂದು ಚೀಲವನ್ನು ಒಂದು ದೋಣಿಯ ಮೇಲೆ ಬಿಚ್ಚಿದೆ. ಮನೆಗೆ ಬಂದು ನೋಡಿದರೆ ಪುಸ್ತಕ ಒಂದೇ. ಕಳೆದುಹೋದೀತೆಂದು ಎರಡನೆಯದನ್ನು ಒಯ್ಯದೇ ಇದ್ದಿದ್ದರೆ ಅದು ಕಳೆದುಹೋಗುತ್ತಿರಲಿಲ್ಲ.

ಒಂದು ತಿಂಗಳಾದ ಮೇಲೆ ಕುಪ್ಪದ ನೂರಿಪ್ಪತ್ತು ಮನೆಗಳ ನಮೂನೆಗಳು ತುಂಬಿ ಬಂದವು. ರಾಮಭದ್ರನ್ ಸಾರ್ ನನ್ನನ್ನು ಕರೆಸಿ, ಮಗನ ಮಾರ್ಕ್ಸ್ ಕಾರ್ಡು ತೋರಿಸುವ ಹೆಮ್ಮೆಯಲ್ಲಿ ಒಂದು ಹಾಳೆ ತೋರಿಸಿದರು. ತೊಂಬತ್ತೊಂಬತ್ತು ಒಂದೂ ಇರಲಿಲ್ಲ. ನೂರಿಪ್ಪತ್ತು ಮನೆಯೂ ಆರು-ಡಿ. ಕಾರಣದ ಜಾಗದಲ್ಲಿ ಎಲ್ಲರದೂ ಒಂದೇ ವಾಕ್ಯ: ಸಾರಿಗೆ ಸೌಲಭ್ಯದ ಕೊರತೆಯಿಂದಾಗಿ ತಾಯಂದಿರು ತಡವಾಗಿ ಮನೆ ಸೇರುವುದರಿಂದ, ಹೆಣ್ಣುಮಕ್ಕಳ ಶಿಕ್ಷಣ ಮೊಟಕುಗೊಳ್ಳುತ್ತಿದೆ. ಅಂಜಲೈ ಜನ್ಮದಲ್ಲಿ ‘ಮೊಟಕುಗೊಳ್ಳುತ್ತಿದೆ’ ಎಂಬಂಥ ಮಾತು ಆಡಿದವಳಲ್ಲ. ಅದು ನಮ್ಮ ಪುಸ್ತಕದ ವಾಕ್ಯ, ಅಲ್ಪವಿರಾಮ ಸಮೇತ.

ಇಂಥಲ್ಲೆಲ್ಲ ಮರುಪರಿಶೀಲನೆ ಎಂದು ಒಂದು ಪದ್ಧತಿ ಇದೆ. ಹತ್ತಕ್ಕೆ ಒಂದು ಮನೆಯನ್ನು ಮೇಲ್ವಿಚಾರಕರೇ ಮತ್ತೆ ಹೋಗಿ ಕೇಳಬೇಕು. ಉತ್ತರವನ್ನು ಹೇಳಿಕೊಟ್ಟಿದ್ದಾರೆ ಎಂದು ಕಂಡುಬಂದರೆ ಆ ಊರನ್ನೇ ಲೆಕ್ಕದಿಂದ ಹೊಡೆದುಹಾಕುತ್ತಾರೆ. ಹೊಡೆದುಹಾಕಿದರೆ ಆರು-ಡಿ ಎದುರಿಗೆ ಅಚ್ಚಾಗಿದ್ದ ಪರಿಹಾರ, ಅಂದರೆ ಶಾಲಾ ಬಸ್ಸಿಗೆ ಶಿಫಾರಸು, ಕುಪ್ಪಕ್ಕೆ ಇಲ್ಲ. ಹೊಡೆದುಹಾಕದೆ ಇರಬೇಕಾದರೆ ಹೇಳಿಕೊಟ್ಟಿಲ್ಲ ಎಂದು ನಾನು ಸಹಿ ಹಾಕಬೇಕು. ಒಂದು ಸಲ ನಿಜವನ್ನು ಉಜ್ಜಿ ಅವರ ಬಸ್ಸು ತಪ್ಪಿಸಿದ್ದೆ. ಈಗ ನಿಜ ಬರೆದರೆ ಬಸ್ಸು ತಪ್ಪುತ್ತದೆ. ಯಜಮಾನರಿಗೆ ಹೇಳಿದೆ. ಕೊಡೆ ತಗೊಂಡು ಹೋಗು, ಬಿಸಿಲೈತೆ ಎಂದರು.

ಬಸ್ ಸ್ಟಾಪಿನಲ್ಲಿ ಅದೇ ಹೊಂಗೆ ಮರ, ಅದೇ ಬುಟ್ಟಿಗಳು. ಅಂಜಲೈಯ ತಲೆಯಲ್ಲಿ ಒಂದೆರಡು ಬಿಳಿಕೂದಲು ಬಂದಿದ್ದವು. ನನ್ನನ್ನು ನೋಡಿದ ಕೂಡಲೆ ಬುಟ್ಟಿ ಕೆಳಗಿಟ್ಟು, ಕೈ ಕಟ್ಟಿ, ಶಾಲೆಯಲ್ಲಿ ಪದ್ಯ ಒಪ್ಪಿಸುವವಳ ಹಾಗೆ, ‘ಸಾರಿಗೆ ಸೌಲಭ್ಯದ ಕೊರತೆಯಿಂದಾಗಿ’ ಎಂದು ಶುರುಮಾಡಿದಳು. ಸುತ್ತ ಕೂತವರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

‘ಪುಸ್ತಕ ಎಲ್ಲಿ ಅಂಜಲೈ?’ ಎಂದೆ.

‘ಭದ್ರವಾಗಿದೆ. ಮರಳಲ್ಲಿ ಬಿದ್ದಿತ್ತು, ತೆಗೆದು ಒರೆಸಿ ಇಟ್ಟಿದೀವಿ.’

‘ಯಾರು ಓದಿ ಹೇಳಿದ್ದು?’

‘ಮಲರ್. ನಮ್ಮ ದೊಡ್ಡವಳು. ಮೂರನೇ ಕ್ಲಾಸಿನ ತನಕ ಹೋಗಿದ್ದಳಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು, ಮೂರು ದಿನ ಹಿಡೀತು. ಆರು-ಡಿಗೆ ಬಂದಾಗ ನಿಲ್ಲಿಸಿಬಿಟ್ಟಳು. ಅಮ್ಮಾ, ಇದರಲ್ಲಿ ನನ್ನ ವಿಷಯ ಬರೆದಿದಾರೆ ಅಂದಳು.’

ನಾನು ಗಂಟಲು ಸರಿಮಾಡಿಕೊಂಡು, ಹೀಗೆ ಉತ್ತರ ಕಲಿತು ಒಪ್ಪಿಸುವುದು ತಪ್ಪು ಎಂದು ವಿವರಿಸಲು ಹೋದೆ. ಅಂಜಲೈಗೆ ಸಿಟ್ಟು ಬರಲಿಲ್ಲ. ನಿಧಾನವಾಗಿ, ಗಿರಾಕಿಗೆ ಮೀನಿನ ಕಿವಿರು ಬಿಡಿಸಿ ತೋರಿಸುವ ಹಾಗೆ ಹೇಳಿದಳು:

‘ಒಂದು ಸಲ ಬಂದ್ರಿ, ನೀರು ಬೇಕು ಅಂದ್ವಿ, ನೀರಿಲ್ಲದ ಕಕ್ಕಸು ಕಟ್ಟಿದ್ರಿ. ಆಮೇಲೆ ಬಂದ್ರಿ, ಬಸ್ಸು ಅಂದ್ವಿ, ಡೋಲು ಬಾರಿಸಿದ್ರಿ. ನೀವು ವರ್ಷಕ್ಕೊಂದು ಮೀನು ಕೊಳ್ಳೋಕೆ ಬರ್ತೀರಿ ಕೊಡೆಯಮ್ಮಾ. ಯಾವ ಮೀನು ಅಂತ ಹೇಳಲ್ಲ. ಈ ಸಲ ಕೇಳಿ ತಿಳ್ಕೊಂಡು ಬುಟ್ಟಿಗೆ ಹಾಕಿದೀವಿ. ಅದರಲ್ಲಿ ತಪ್ಪೇನು?’

‘ಸುಳ್ಳಾದರೆ ತಪ್ಪಲ್ವಾ?’

‘ಸುಳ್ಳು ಅಂದೋರು ಯಾರು? ಹೋಗಿ ಬಾಗಿಲು ತಟ್ಟಿ ನೋಡಿ. ಹೋದ ಸಲ ತಟ್ಟಲೇ ಇಲ್ವಲ್ಲ ನೀವು.’

ಹೋದೆ. ಮೊದಲ ಮನೆಯಿಂದ, ಬಲಗೈ ಕಡೆ, ನಿಯಮದ ಪ್ರಕಾರ. ಬುಧವಾರ, ಹಗಲು ಹನ್ನೊಂದು. ದೋಣಿಯ ನೆರಳಿನಲ್ಲಿ ಗಂಡಸರು ಮಲಗಿದ್ದರು, ನಾನು ಸದ್ದಾಗದಂತೆ ದಾಟಿಹೋದೆ. ಮೊದಲ ಮನೆಯ ಬಾಗಿಲು ತೆಗೆದವಳು ಹತ್ತು ವರ್ಷದ ಹುಡುಗಿ, ಸೊಂಟದಲ್ಲಿ ತಮ್ಮ. ಎರಡನೆಯ ಮನೆಯಲ್ಲಿ ಹನ್ನೊಂದು ವರ್ಷದವಳು, ಕೈಯಲ್ಲಿ ಸೌಟು. ಹನ್ನೆರಡು ಮನೆಗಳಲ್ಲಿ ಒಂಬತ್ತು ಬಾಗಿಲುಗಳನ್ನು ತೆಗೆದದ್ದು ಶಾಲೆಯಲ್ಲಿ ಇರಬೇಕಾದ ಹುಡುಗಿಯರು. ಅಮ್ಮ ಬರುವುದು ಕತ್ತಲಾದ ಮೇಲೆ ಎಂದು ಎಲ್ಲರೂ ಹೇಳಿದರು. ಪುಸ್ತಕದ ಭಾಷೆಯಲ್ಲಲ್ಲ.

ಹನ್ನೆರಡನೆಯದು ಅಂಜಲೈಯ ಮನೆ. ಹದಿಮೂರು ವರ್ಷದ ಮಲರ್ ಒಂದು ಮಗುವನ್ನು ಎಡಸೊಂಟಕ್ಕೆ ಬದಲಾಯಿಸಿಕೊಂಡು, ಬಲಗೈಯಲ್ಲಿ ನನಗೆ ನೀರಿನ ಲೋಟ ಕೊಟ್ಟಳು. ಚೀಲದಲ್ಲಿ ಎರಡು ಬಾಟಲಿ ಇದ್ದರೂ ತೆಗೆದುಕೊಂಡೆ. ಅವಳ ಮುಖವನ್ನು ಎಲ್ಲೋ ನೋಡಿದ್ದೇನೆ ಎನಿಸಿತು.

‘ನಾನು ಮೊದಲು ಬಂದಿದ್ದಾಗ ನೀನೆಲ್ಲಿದ್ದೆ?’ ಎಂದೆ.

‘ಸ್ಟಾಪಿನಲ್ಲೇ ಇದ್ದೆನಲ್ಲ,’ ಎಂದಳು. ‘ಪಾಪು ಹಸಿವಿಗೆ ಅಳ್ತಿತ್ತು ಅಂತ ಅಮ್ಮನ ಹತ್ರ ಎತ್ಕೊಂಡು ಬಂದಿದ್ದೆ. ನೀವು ಬರೀಬೇಕು, ಸ್ವಲ್ಪ ಕೊಡೆ ಹಿಡ್ಕೋ ಅಂದ್ರಿ. ಎರಡು ದಿನಾನೂ ನಾನೇ ಹಿಡ್ಕೊಂಡಿದ್ದು.’

ನೆನಪಾಯಿತು. ಮರದ ನೆರಳು ಸರಿದು ಹಾಳೆಯ ಮೇಲೆ ಬಿಸಿಲು ಬಿದ್ದಾಗ ಪಕ್ಕದಲ್ಲಿದ್ದ ಒಂದು ಮಗುವಿನ ಕೈಗೆ ಕೊಡೆ ಕೊಟ್ಟಿದ್ದೆ. ಒಂಬತ್ತು ವರ್ಷದ ಹುಡುಗಿಯನ್ನು ಶಾಲೆಯ ಹೊತ್ತಿನಲ್ಲಿ ಎರಡು ದಿನ ನನ್ನ ತಲೆಗೆ ನೆರಳು ಹಿಡಿಯಲು ನಿಲ್ಲಿಸಿಕೊಂಡು, ಇವರ ಸಮಸ್ಯೆ ಏನಿರಬಹುದು ಎಂದು ತಲೆ ಕೆಡಿಸಿಕೊಂಡಿದ್ದೆ. ವೀಕ್ಷಕರ ಟಿಪ್ಪಣಿಯಲ್ಲಿ ಮಲಗಿದ ಗಂಡಸರ ಬಗ್ಗೆ ಆರು ಸಾಲು ಬರೆದವಳು, ಮಕ್ಕಳು ಸಹಕಾರ ನೀಡಿದರು ಎಂದೂ ಒಂದು ಸಾಲು ಬರೆದಿದ್ದೆ.

ಮರುಪರಿಶೀಲನೆಯ ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು: ಉತ್ತರಗಳನ್ನು ಹೇಳಿಕೊಟ್ಟಂತಿದೆಯೇ? ಹೌದು, ಇಲ್ಲ ಎಂದು ಎರಡು ಚೌಕ. ಅಂದು ಪೆನ್ಸಿಲ್ ಬಿಟ್ಟು ಪೆನ್ನು ತೆಗೆದುಕೊಂಡೆ. ಹೌದು ಎಂಬಲ್ಲಿ ಗುರುತು ಹಾಕಿ, ಕೆಳಗೆ ಬರೆದ ಮಾತುಗಳು ಇವತ್ತಿಗೂ ನೆನಪಿವೆ. ‘ಹೇಳಿಕೊಟ್ಟದ್ದು ನಮ್ಮದೇ ಪುಸ್ತಕ. ಅದನ್ನು ಅಲ್ಲಿ ಬಿಟ್ಟುಬಂದವಳು ನಾನು. ಆದರೆ ಉತ್ತರ ನಿಜ, ಹನ್ನೆರಡು ಮನೆಗಳನ್ನು ತಟ್ಟಿ ನೋಡಿದ್ದೇನೆ. ನಾಲ್ಕು ವರ್ಷದ ಹಿಂದೆ ಈ ಜನ ಇದನ್ನೇ ಹೇಳಿದ್ದರು, ಮೂವತ್ತೊಂದು ನಮೂನೆಗಳಲ್ಲಿ ನಾನು ಅದನ್ನು ಅಳಿಸಿದೆ.’ ಬರೆದು ಮುಗಿಸಿದ ಮೇಲೆ ಕೆಲಸ ಹೋದರೆ ಮಗಳ ಫೀಸಿಗೆ ಏನು ಮಾಡುವುದು ಎಂಬ ಚಿಂತೆ ಶುರುವಾಯಿತು. ಅದು ಎಂದಿನ ಚಿಂತೆ, ಪರಿಚಯದ್ದು, ಒಂಥರಾ ಸಮಾಧಾನವೇ ಆಯಿತು.

ರಾಮಭದ್ರನ್ ಸಾರ್ ಆ ಹಾಳೆಯನ್ನು ಓದಿದರು. ಅವರು ಒಂದು ನಮೂನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿದರು.

‘ಮೂವತ್ತೊಂದಾ?’

‘ಹೌದು ಸಾರ್.’

‘ಇದಕ್ಕೆ ಚೌಕ ಇಲ್ಲವಲ್ಲ ವಸಂತಾ. ಹೇಳಿಕೊಟ್ಟದ್ದೂ ಹೌದು, ನಿಜವೂ ಹೌದು ಅಂದರೆ ನಾನು ಎಲ್ಲಿ ಹಾಕಲಿ?’

ಅವರು ಕಿಟಕಿಯ ಕಡೆ ನೋಡಿದರು, ಮೂರು ಪೆನ್ನುಗಳನ್ನೂ ಒಂದೊಂದಾಗಿ ತೆಗೆದು ನೋಡಿ, ಹಸಿರನ್ನು ಆರಿಸಿಕೊಂಡರು. ನನ್ನ ಟಿಪ್ಪಣಿಯ ಪಕ್ಕದಲ್ಲಿ ದುಂಡಗೆ ತೊಂಬತ್ತೊಂಬತ್ತು ಎಂದು ಬರೆದರು.

‘ಇದನ್ನು ಕಂಪ್ಯೂಟರಿಗೆ ಹಾಕಿಸು. ಊರನ್ನು ಹೊಡೆಯಬೇಡ. ತೊಂಬತ್ತೊಂಬತ್ತನ್ನು ಯಾರೂ ಓದುವುದಿಲ್ಲ, ನನಗೆ ಗೊತ್ತು. ಅದಕ್ಕೇ ನಾನು ನಿಮ್ಮನ್ನೆಲ್ಲ ಬಯ್ಯುತ್ತಿದ್ದದ್ದು.’

ಬಾಗಿಲ ಹತ್ತಿರ ಬಂದಾಗ ಮತ್ತೆ ಕರೆದರು. ಪುಸ್ತಕ ಕಳೆದದ್ದಕ್ಕೆ ಮೆಮೊ ಬೇರೆಯಾಗಿ ಬರುತ್ತದೆ ಎಂದರು. ಬಂತು. ಅದೂ ಹಸಿರು ಶಾಯಿಯಲ್ಲಿ.

ಇನ್ನೊಂದು ವರ್ಷ ಹಿಡಿಯಿತು. ಕಾಗದ ಯಾವ ಯಾವ ಮೇಜು ಹತ್ತಿ ಇಳಿಯಿತೋ, ಒಂದು ದಿನ ಬೆಳಗ್ಗೆ ಏಳೂವರೆಗೆ ಕುಪ್ಪದ ಸ್ಟಾಪಿನಲ್ಲಿ ಶಾಲಾ ಬಸ್ಸು ಬಂದು ನಿಂತಿತು. ಮಾವಿನ ತೋರಣ, ಭಾಷಣ, ಫೋಟೋಗ್ರಾಫರ್ ಎಲ್ಲ ಇತ್ತು. ಮಕ್ಕಳು ಹತ್ತಿದ ಹಿಂದೆಯೇ ಹೆಂಗಸರು ಬುಟ್ಟಿ ಎತ್ತಿದರು. ಇದು ವಿದ್ಯಾರ್ಥಿಗಳಿಗೆ ಮಾತ್ರ ಎಂದು ಕಂಡಕ್ಟರ್ ಬಾಗಿಲಿಗೆ ಕೈ ಅಡ್ಡ ಹಿಡಿದ. ಅಂಜಲೈ ಪಕ್ಕದಲ್ಲಿದ್ದ ಯಾರದೋ ಮಗುವಿನ ಕೈ ಹಿಡಿದುಕೊಂಡು, ತಾನು ಇವಳನ್ನು ಶಾಲೆಗೆ ಬಿಡಲು ಹೋಗುತ್ತಿದ್ದೇನೆ ಎಂದಳು. ಬುಟ್ಟಿ ಯಾಕೆ ಎಂದು ಅವನು ಕೇಳಿದ. ಊಟದ ಡಬ್ಬಿ ಎಂದಳು. ಭಾಷಣ ಮಾಡಿದ ಅಧಿಕಾರಿಗಳು ಅಲ್ಲೇ ನಿಂತಿದ್ದರು, ಅವರೆದುರಿಗೆ ಜಗಳ ಬೇಡವೆಂದೋ ಏನೋ ಅವನು ಕೈ ತೆಗೆದ. ಸಂಜೆ ನಾಲ್ಕೂವರೆಗೆ ಅದೇ ಬಸ್ಸಿನಲ್ಲಿ, ಬೆಳಕಿರುವಾಗಲೇ, ತಾಯಂದಿರು ವಾಪಸು ಬಂದರಂತೆ.

ಅದಾದ ಮೇಲೆ ಸಮುದ್ರವೇ ಒಳಗೆ ಬಂದ ವರ್ಷ, ನೂರಾರು ನಮೂನೆಗಳನ್ನು ಹಿಡಿದು ಯಾರು ಯಾರೋ ಅಲ್ಲಿಗೆ ಹೋದರು. ಆ ಕಥೆಯನ್ನು ನಗುತ್ತಾ ಬರೆಯಲಾರೆ, ಇಲ್ಲಿ ಬರೆಯುವುದಿಲ್ಲ. ಬಸ್ಸು ಅದರ ನಂತರವೂ ನಿಲ್ಲುತ್ತಿತ್ತು ಎಂದಷ್ಟೇ ಹೇಳುತ್ತೇನೆ.

ಬೀಳ್ಕೊಡುಗೆಯ ದಿನ ಗಡಿಯಾರದ ಜೊತೆಗೆ ಇನ್ನೇನಾದರೂ ಬೇಕೇ ಎಂದು ಕೇಳಿದರು. ಆಫೀಸಿನ ಮೆಟ್ಟಿಲ ಗೋಡೆಯಲ್ಲಿ ತೂಗುಹಾಕಿದ್ದ ಆ ಬಸ್ಸಿನ ಫೋಟೋ ಕೇಳಿ ತಂದೆ. ಈಗ ಅದು ಗಡಿಯಾರದ ಕೆಳಗಿದೆ. ಎರಡು ಜಡೆ, ರಿಬ್ಬನ್ನು, ಹೆಗಲಿಗೆ ಚೀಲ. ಹನ್ನೆರಡು ಹುಡುಗಿಯರು ಬಸ್ಸಿನ ಮೆಟ್ಟಿಲಲ್ಲಿ ನಗುತ್ತಿದ್ದಾರೆ. ಅವರಲ್ಲಿ ಅಂಜಲೈಯ ಎರಡನೇ ಮಗಳೂ ಇದ್ದಾಳೆ. ಬಂದವರೆಲ್ಲ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಫೋಟೋಗ್ರಾಫರ್ ಬುಟ್ಟಿಗಳನ್ನೆಲ್ಲ ಪಕ್ಕಕ್ಕೆ ಸರಿಸಿದ್ದ, ಆದರೂ ಬಲಮೂಲೆಯಲ್ಲಿ ಒಂದು ಬುಟ್ಟಿಯ ಅಂಚು ಉಳಿದುಬಿಟ್ಟಿದೆ. ಅದರ ಕೆಳಗೆ ತಲೆಗೆ ಸಿಂಬೆ ಮಾಡಿಟ್ಟ ಬಟ್ಟೆಯಲ್ಲಿ ಜರಿಯ ಗೆರೆ ಹೊಳೆಯುತ್ತದೆ. ಗೋವಿಂದನ್ ಕುಡಿತ ಬಿಟ್ಟದ್ದಕ್ಕೆ ಕೊಟ್ಟ ಶಾಲು ಅದು.

ಆ ಬುಟ್ಟಿ ಹೊತ್ತವಳು ಮಲರ್. ಬಸ್ಸು ಬಂದಾಗ ಅವಳಿಗೆ ಹದಿನಾಲ್ಕು. ನಾಲ್ಕನೇ ಕ್ಲಾಸಿಗೆ ದೊಡ್ಡವಳು, ಬುಟ್ಟಿಗೆ ಸರಿಯಾದವಳು. ಅಮ್ಮನ ಜೊತೆ ಪೇಟೆಗೆ ಹೋಗಲು ಶುರುಮಾಡಿದ್ದಳು.

ಬೀದಿಯ ಹುಡುಗಿ ನಾಳೆ ಕೆಲಸಕ್ಕೆ ಸೇರುತ್ತಾಳೆ. ಹೋಗುವ ಮುಂಚೆ ಇನ್ನೊಮ್ಮೆ ಬರಲು ಹೇಳಿದ್ದೇನೆ. ಕೊಡೆ ತಗೊಂಡು ಹೋಗು ಎಂದಿದ್ದೆನಲ್ಲ, ಅದನ್ನು ನೀನೇ ಹಿಡಿದುಕೋ ಎಂದು ಹೇಳಬೇಕು.